ಸೀಲು ಒಡೆಯದ ಸುತ್ತಿಗೆ

ಗಾಜು ಒಡೆಯುವ ಸುತ್ತಿಗೆ ನನ್ನ ಕಾರಿನಲ್ಲಿ ಇತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೇಳಿದವರೆಲ್ಲ ಕಡೆಗೆ ಅದಕ್ಕೇ ಬರುತ್ತಾರೆ.

ಕೊಟ್ಟವನು ನನ್ನ ಅಕ್ಕನ ಮಗ. ಬೆಂಗಳೂರಿನಲ್ಲಿ ನೌಕರಿ. 2023ರ ಮೇ 21ರಂದು ಅಲ್ಲಿ ಜೋರು ಮಳೆ ಬಂದು ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ನೀರು ತುಂಬಿತು. ಒಂದು ಕಾರು ಅದರಲ್ಲಿ ಸಿಕ್ಕಿತು. ಒಳಗಿದ್ದ 22 ವರ್ಷದ ಹುಡುಗಿ ತೀರಿಕೊಂಡಳು. ವಿಧಾನಸೌಧಕ್ಕೆ ಹತ್ತಿರದ ಜಾಗ ಅದು. ಆಮೇಲೆ ಅವನ ಆಫೀಸಿನಲ್ಲಿ ಸುಮಾರು ಜನ ಇಂಥ ಸುತ್ತಿಗೆ ತರಿಸಿಕೊಂಡರಂತೆ. ದೀಪಾವಳಿಗೆ ಊರಿಗೆ ಬಂದಾಗ ನನಗೂ ಒಂದು ತಂದ. ಆ ವಾರವೇ, ನವೆಂಬರ್ 7ರಂದು, ಪಾಂಡವಪುರ ತಾಲ್ಲೂಕಿನ ಬನಘಟ್ಟದ ಹತ್ತಿರ ಕಾರು ವಿ.ಸಿ. ನಾಲೆಗೆ ಬಿದ್ದು ಐದು ಜನ ಸತ್ತಿದ್ದರು. ಅದನ್ನೂ ಹೇಳಿದ. ಕೇಳಿದೆ. ಮಂಡ್ಯ ನಮಗೆ ದೂರ.

ಕಿತ್ತಳೆ ಬಣ್ಣದ ಹಿಡಿಕೆ. ತಲೆಗೆ ಎರಡೂ ಕಡೆ ಉಕ್ಕಿನ ಮೊನೆ. ಹಿಡಿಕೆಯ ಬುಡದಲ್ಲಿ ಬೆಲ್ಟ್ ಕತ್ತರಿಸುವ ಸಣ್ಣ ಬ್ಲೇಡು, ಬೆರಳು ತಾಗದ ಹಾಗೆ ಒಳಗೆ ಕೂರಿಸಿದ್ದು. "ಮಾಮಾ, ಕೈಗೆ ಸಿಗೋ ಹಂಗ ಇಡು" ಅಂದ. ನಾನು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಟ್ಟೆ. ಆರ್.ಸಿ., ಇನ್ಶೂರೆನ್ಸ್ ಕಾಗದ, ಅವ್ವನ ಬಿ.ಪಿ. ಮಾತ್ರೆ, ಗಾಜು ಒರೆಸುವ ಬಟ್ಟೆ, ಇವುಗಳ ಜೊತೆ. ಗಟ್ಟಿ ಪ್ಲಾಸ್ಟಿಕ್ಕಿನ ಪ್ಯಾಕನ್ನು ಒಡೆಯಲಿಲ್ಲ. ನಮ್ಮ ಮನೆಯಲ್ಲಿ ಟಿ.ವಿ. ರಿಮೋಟಿಗೂ ಪ್ಲಾಸ್ಟಿಕ್ ಕವರ್ ಇದೆ.

ನನ್ನದು ಭಾತಂಬ್ರಾದಲ್ಲಿ ಬೀಜ, ಗೊಬ್ಬರದ ಅಂಗಡಿ. ಅಣ್ಣ ಹೊಲ ನೋಡಿಕೊಳ್ಳುತ್ತಾನೆ. ಅವ್ವನ ತವರು ಔರಾದ ತಾಲ್ಲೂಕಿನ ಒಂದು ಹಳ್ಳಿ. 2024ರ ಡಿಸೆಂಬರ್ 30, ಸೋಮವಾರ, ಎಳ್ಳಮಾವಾಸ್ಯೆ. ಬೀದರ ಕಡೆಯವರಿಗೆ ಇದು ಎಂಥ ಹಬ್ಬ ಎಂದು ಹೇಳಬೇಕಾಗಿಲ್ಲ. ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಆ ವರ್ಷ ಮಾವನ ಹೊಲಕ್ಕೆ ಹೋಗೋಣ ಎಂದು ಅವ್ವ ಎರಡು ತಿಂಗಳಿಂದ ಹೇಳುತ್ತಿದ್ದಳು. ಮನೆಯವಳು ಬರಲಿಲ್ಲ, ಅವಳ ತವರಲ್ಲಿ ಸೂತಕವಿತ್ತು. ಅತ್ತಿಗೆ ದನ ಬಿಟ್ಟು ಬರುವಂತಿರಲಿಲ್ಲ. ನಾನು, ಅಣ್ಣ, ಅವ್ವ, ನನ್ನ ಒಂಬತ್ತು ವರ್ಷದ ಮಗಳು, ಇಷ್ಟೇ ಜನ ಹೋದೆವು. ಜೋಳದ ನಡುವೆ ಪೂಜೆಯಾಯಿತು. ಚರಗ ಚೆಲ್ಲಿದೆವು. ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ. ಅವ್ವ ಹೊಲದ ಬದುವಿನಲ್ಲಿ ತಮ್ಮನ ಜೊತೆ ಕೂತು ಬಹಳ ಹೊತ್ತು ಮಾತಾಡಿದಳು.

ಹೊರಟಾಗ ಕತ್ತಲಾಗಿತ್ತು. "ಮುಂಜಾನೆ ಹೋಗ್ರಿ" ಎಂದು ಮಾವ ಅಂದ. "ನಾಳಿ ಅಂಗಡಿ ತೆಗೀಬೇಕು ಮಾಮಾ" ಅಂದೆ ನಾನು. ಉಳಿದ ಭಜ್ಜಿಯನ್ನು ಒಂದು ಡಬ್ಬಿಗೆ, ಅಂಬಲಿಯನ್ನು ಸ್ಟೀಲ್ ಕ್ಯಾನಿಗೆ ಹಾಕಿಕೊಟ್ಟರು.

ಮಾಂಜ್ರಾ ದಾಟಿ ಭಾಲ್ಕಿಗೆ ಬಂದಾಗ ಎಂಟೂವರೆ. ಅಲ್ಲಿ ಚಹಾ ಕುಡಿದೆವು. ಅಲ್ಲಿಂದ ಹೊರಡುವಾಗ ನಾನು ಬೆಲ್ಟ್ ಹಾಕಿದೆ. ಅಣ್ಣನೂ ಹಾಕಿದ. ಹಾಕದಿದ್ದರೆ ಕಾರು ಕುಂಯ್ ಕುಂಯ್ ಎನ್ನುತ್ತಿತ್ತು, ಅದಕ್ಕೆ. ಆ ಸದ್ದು ಅಡಗಿಸಲು ಸಿಗುವ ಕ್ಲಿಪ್ಪು ಒಂದು ಕಾಲಕ್ಕೆ ನನ್ನ ಹತ್ತಿರವೂ ಇತ್ತು. ಎಲ್ಲೋ ಕಳೆದುಹೋಗಿತ್ತು. ಅದು ಕಳೆದದ್ದು ಒಳ್ಳೆಯದಾಯಿತು.

ಅವ್ವ ಹಿಂದೆ ಕಾಲು ಮಡಚಿ ಕೂತಿದ್ದಳು. ಮಗಳು ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಹಿಂದಿನವರು ಬೆಲ್ಟ್ ಹಾಕಿರಲಿಲ್ಲ. ಹಾಕಬೇಕೆಂದು ಯಾರಿಗೂ ಅನ್ನಿಸಲೂ ಇಲ್ಲ.

ಭಾತಂಬ್ರಾ ಇನ್ನೇನು ಹತ್ತು ನಿಮಿಷದ ದಾರಿ. ಅಮಾವಾಸ್ಯೆ. ರಸ್ತೆಯ ಎರಡೂ ಕಡೆ ಕಬ್ಬು. ಎದುರಿನಿಂದ ಒಂದು ಗಾಡಿ ಬರುತ್ತಿತ್ತು, ಲೈಟು ಮೇಲಕ್ಕೆ ಬಿಟ್ಟುಕೊಂಡು. ಕಣ್ಣಿಗೆ ಹೊಡೆಯಿತು. ಅದು ದಾಟಿದ ಮೇಲೆ ಒಂದು ಕ್ಷಣ ಏನೂ ಕಾಣಲಿಲ್ಲ. ಕಂಡಾಗ ಎದುರಿಗೆ ಕಬ್ಬಿನ ಟ್ರಾಲಿ ಇತ್ತು. ನಿಂತ ಟ್ರಾಲಿ. ಗಾಲಿ ಪಂಕ್ಚರಾಗಿ ಬಿಟ್ಟುಹೋಗಿದ್ದರು. ಕೆಂಪು ದೀಪವಿಲ್ಲ, ಹೊಳೆಯುವ ಪಟ್ಟಿಯಿಲ್ಲ. ಹಿಂದೆ ನಾಲ್ಕು ಕಲ್ಲು ಇಟ್ಟು ಒಂದು ತೊಗರಿ ಕಟ್ಟಿಗೆಯ ಕಂತೆ ನಿಲ್ಲಿಸಿದ್ದರು. ನಮ್ಮ ಕಡೆ ಅದೇ ಸಿಗ್ನಲ್ಲು.

"ತಮ್ಮಾ" ಎಂದು ಅಣ್ಣ ಕೂಗಿದ. ನಾನು ಎಡಕ್ಕೆ ಎಳೆದೆ. ಅಲ್ಲಿ ಹಳ್ಳದ ಮೇಲಿನ ಸಣ್ಣ ಸೇತುವೆ. ಅದರ ಎಡಗಡೆಯ ಅಡ್ಡಗೋಡೆ ಬಿದ್ದು ಬಹಳ ದಿನವಾಗಿತ್ತು. ನನಗೆ ಗೊತ್ತಿದ್ದ ಜಾಗವೇ ಅದು. ದಿನಾ ಓಡಾಡುವ ದಾರಿ.

ಟ್ರಾಲಿಯವನನ್ನು ಬೈಯಬಹುದು. ಗೋಡೆ ಕಟ್ಟದವರನ್ನೂ ಬೈಯಬಹುದು. ಬೈದಿದ್ದೇನೆ. ಆದರೆ ಮರುದಿನ ಹೇಳಿಕೆ ಬರೆಯಿಸುವಾಗ ಸ್ಪೀಡು 50 ಇತ್ತು ಎಂದು ನಾನು ಹೇಳಿದೆ. 70ರ ಹತ್ತಿರ ಇತ್ತು. ಐದು ದಿನ ಬಿಟ್ಟು ಹೋಗಿ ಅದನ್ನು ತಿದ್ದಿಸಿದೆ.

ಕಾರು ಮಗುಚುವಾಗಿನದು ನೆನಪಿಲ್ಲ. ಸದ್ದು ನೆನಪಿದೆ. ಆಮೇಲೆ ಸದ್ದಿಲ್ಲ. ನಾನು ತಲೆಕೆಳಗಾಗಿ ಬೆಲ್ಟಿನಲ್ಲಿ ನೇತಾಡುತ್ತಿದ್ದೆ. ಹೆಡ್‌ಲೈಟು ನೀರಿನೊಳಗೆ ಉರಿಯುತ್ತಲೇ ಇತ್ತು. ಮುಂದಿನ ಗಾಜಿನ ಆಚೆ ನೀರು ಚಹಾದ ಬಣ್ಣದಲ್ಲಿ ಕಾಣುತ್ತಿತ್ತು. ಆ ಹಳ್ಳಕ್ಕೆ ಸ್ವಲ್ಪ ಕೆಳಗೆ ಚೆಕ್ ಡ್ಯಾಂ ಇದೆ. ಆ ವರ್ಷ ಮಳೆ ಚೆನ್ನಾಗಿತ್ತು. ನೀರು ಹಿಂದಕ್ಕೆ ನಿಂತಿತ್ತು, ನಿಂತ ಮನುಷ್ಯನಿಗೆ ಸೊಂಟಕ್ಕಿಂತ ಕೆಳಗೇ. ಕಾರು ನೆಟ್ಟಗಿದ್ದಿದ್ದರೆ ಸೀಟಿನ ಮೇಲೆ ಮೊಣಕಾಲೂರಿ ಕೂತು ಕಾಯಬಹುದಿತ್ತು. ತಲೆಕೆಳಗಾದ ಕಾರಿನಲ್ಲಿ ತಲೆಯೇ ಎಲ್ಲಕ್ಕಿಂತ ಕೆಳಗೆ.

ಮೊದಲು ಬಂದದ್ದು ಹುಳಿ ವಾಸನೆ. ಪೆಟ್ರೋಲ್ ಎಂದುಕೊಂಡು ಎದೆ ಧಸಕ್ಕೆಂದಿತು. ಹಿಂದಿನ ಎರಡು ವರ್ಷದಿಂದ ನನ್ನ ತಲೆಯಲ್ಲಿದ್ದ ಭಯ ಬೆಂಕಿಯದು. 2022ರ ಜೂನ್ 3ರಂದು ಕಮಲಾಪುರದ ಹತ್ತಿರ ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಗೂಡ್ಸ್ ಗಾಡಿಗೆ ಬಡಿದು ಬೆಂಕಿ ಹತ್ತಿ, ಒಳಗಿದ್ದವರು ಸೀಟಿನಲ್ಲೇ ಸುಟ್ಟುಹೋಗಿದ್ದರು. ನಾವು ಕಲಬುರಗಿಗೆ ಹೋಗುವ ದಾರಿ ಅದು. ಆ ಕರಕಲು ಜಾಗವನ್ನು ನಾನು ಕಣ್ಣಾರೆ ನೋಡಿದ್ದೆ. ಆದರೆ ಈ ವಾಸನೆ ಅಂಬಲಿಯದು. ಕ್ಯಾನು ಚೆಲ್ಲಿತ್ತು.

ನನ್ನ ಬೆಲ್ಟಿನ ಗುಂಡಿ ಒತ್ತಿದೆ. ಮೂರನೆಯ ಸಲಕ್ಕೆ ಬಿಟ್ಟುಕೊಂಡಿತು. ಕುತ್ತಿಗೆಯ ಮೇಲೆ ಬಿದ್ದೆ, ಕಾರಿನ ಛಾವಣಿಯ ಮೇಲೆ. ಅಲ್ಲಿ ಆಗಲೇ ಗೇಣುದ್ದ ನೀರು. ಡಿಸೆಂಬರಿನ ನೀರು. ಕೈ ಕೂಡಲೇ ಮರಗಟ್ಟಿತು.

ಅಣ್ಣನದು ಬಿಟ್ಟುಕೊಳ್ಳಲಿಲ್ಲ. ಅವನು 92 ಕಿಲೋ. ಅಷ್ಟೂ ಭಾರ ಬೆಲ್ಟಿನ ಮೇಲೆ. ಭಾರ ಬಿದ್ದಾಗ ಆ ಕೆಂಪು ಗುಂಡಿ ಕಲ್ಲಿನ ಹಾಗೆ ಆಗುತ್ತದೆ. ಮೈಯನ್ನು ಮೇಲಕ್ಕೆ ತಳ್ಳಿಕೊಂಡು ಒತ್ತಬೇಕು. ಅವನ ಬಲಗೈ ಮಣಿಕಟ್ಟು ಮುರಿದಿತ್ತು, ತಳ್ಳಿಕೊಳ್ಳಲು ಆಗಲಿಲ್ಲ. ನಾನು ಒಂದು ಕೈಯಲ್ಲಿ ಅವನ ಭುಜ ಎತ್ತಲು ನೋಡಿದೆ, ಇನ್ನೊಂದರಲ್ಲಿ ಗುಂಡಿ ಒತ್ತಿದೆ. ಆಗಲಿಲ್ಲ. ನೀರು ಅವನ ಕೂದಲು ಮುಟ್ಟಿತ್ತು.

"ಆಯಿ ಮಾತಾಡ್ಲಾಕ ಒಲ್ಲಳು" ಎಂದಳು ಮಗಳು, ಹಿಂದಿನಿಂದ.

ಅವಳು ಅಳುತ್ತಿರಲಿಲ್ಲ. ಅವ್ವ ಛಾವಣಿಯ ಮೇಲೆ ಮುದುಡಿ ಬಿದ್ದಿದ್ದಳು. ಉಸಿರು ಕೇಳಿಸುತ್ತಿತ್ತು, ಗೊರಗೊರ ಎಂದು. "ಆಯಿ ತಲಿ ಮ್ಯಾಲೆ ಹಿಡಿ, ನೀರಾಗ ಬಿಡಬ್ಯಾಡ" ಅಂದೆ. ಅವಳು ಹಿಡಿದಳು. ಕಡೆಯವರೆಗೂ ಹಿಡಿದೇ ಇದ್ದಳು. ಅವಳ ಎಡ ಭುಜದ ಎಲುಬು ಸೀಳಿತ್ತು ಎಂದು ಗೊತ್ತಾದದ್ದು ಮರುದಿನ, ಎಕ್ಸ್‌ರೇ ತೆಗೆದಾಗ. ಹಾಗೆ ಎತ್ತಿ ಹಿಡಿದದ್ದು ಅವ್ವನ ಕುತ್ತಿಗೆಗೆ ಆಗಿದ್ದ ಪೆಟ್ಟನ್ನು ಹೆಚ್ಚು ಮಾಡಿತೋ ಎಂಬ ಯೋಚನೆ ಆಮೇಲೆ ನನಗೆ ಬಂದಿದೆ. ಡಾಕ್ಟರನ್ನು ಕೇಳಿದೆ. "ತಲೆ ಬಿಟ್ಟಿದ್ದರೆ ಅಲ್ಲೇ ಮುಳುಗುತ್ತಿದ್ದರು" ಎಂದರು. ಅದನ್ನು ಮಗಳಿಗೆ ಹೇಳಿದ್ದೇನೆ, ಒಂದಲ್ಲ, ಹತ್ತು ಸಲ.

ಸುತ್ತಿಗೆ ನೆನಪಾಯಿತು. ಖಾನೆ ಅಣ್ಣನ ಮೊಣಕಾಲಿನ ಎದುರಿಗೆ. ಡ್ಯಾಶ್‌ಬೋರ್ಡು ಒಳಕ್ಕೆ ಬಾಗಿ ಖಾನೆಯ ಬಾಗಿಲು ಕಚ್ಚಿಕೊಂಡಿತ್ತು. ಉಗುರು ಹಾಕಿ ಎಳೆದೆ. ಎರಡು ಉಗುರು ಹೋದವು. ತೆರೆಯಲಿಲ್ಲ.

ಬಾಗಿಲು ತಳ್ಳಿದೆ. ಕೆಸರಿನಲ್ಲಿ ಹೂತಿತ್ತು. ಕಿಟಕಿಯ ಸ್ವಿಚ್ಚು ಒತ್ತಿದೆ. ಒಳಗೆ ಏನೋ ಕಿರ್ರೆಂದಿತು, ಗಾಜು ಅಲುಗಲಿಲ್ಲ. ಹಿಂದಿನ ಕಿಟಕಿ ಕೈಯಿಂದ ತಿರುಗಿಸುವಂಥದ್ದು. ಮಗಳಿಗೆ ಹೇಳಿದೆ, ಹಿಡಿಕೆ ತಿರುಗಿಸು ಎಂದು. "ಯಾ ಕಡಿ?" ಎಂದು ಕೇಳಿದಳು. ತಲೆಕೆಳಗಾದಾಗ ಯಾವ ಕಡೆ ಎಂದು ನನಗೂ ಹೊಳೆಯಲಿಲ್ಲ. ತಿರುಗಿಸಿದಳು. ಎರಡು ಬೆರಳಿನಷ್ಟು ಸರಿಯಿತು. ಆದರೆ ಕಿಟಕಿಯ ಮೇಲಿನ ಅಂಚು ಈಗ ಕೆಳಗಿತ್ತು, ನೀರಿನಲ್ಲಿ. ಅಲ್ಲಿಂದ ನೀರು ಚಿಮ್ಮಿ ಒಳಗೆ ಬಂತು. "ಸಾಕು, ಹೊಳ್ಳಿ ತಿರುಗ್ಸು" ಎಂದು ಕಿರುಚಿದೆ. ಆ ಹೊತ್ತು ನನ್ನ ದನಿ ಹೇಗಿತ್ತೋ. ಅವಳು ಆಗ ಅತ್ತಳು.

ಮುಂದಿನ ಗಾಜಿಗೆ ಒದ್ದೆ. ಬಿರುಕು ಬಿಟ್ಟಿತ್ತು, ಒದ್ದರೆ ಒಡೆಯುತ್ತದೆ ಎಂದುಕೊಂಡೆ. ಒಡೆಯಲಿಲ್ಲ. ಅದು ಎರಡು ಗಾಜಿನ ನಡುವೆ ಪ್ಲಾಸ್ಟಿಕ್ಕಿನ ಹಾಳೆ ಇಟ್ಟು ಅಂಟಿಸಿದ್ದು. ಕಾರಿನಲ್ಲಿದ್ದವರು ಹೊರಗೆ ಹಾರಿಹೋಗದಂತೆ ಹಾಗೆ ಮಾಡಿರುತ್ತಾರೆ. ಪಕ್ಕದ ಕಿಟಕಿಯದು ಬೇರೆ ಗಾಜು. ಕಾಯಿಸಿ ತಟ್ಟನೆ ತಣಿಸಿ ಬಲಪಡಿಸಿದ್ದು. ಮೊನೆಯಿಂದ ಮೂಲೆಗೆ ಒಂದು ಏಟು ಬಿದ್ದರೆ ಇಡೀ ಗಾಜು ಪುಡಿಯಾಗುತ್ತದೆ. ಮೊಣಕೈಯಿಂದ ನಡುವಿಗೆ ಗುದ್ದಿದರೆ ಮೊಣಕೈ ಹೋಗುತ್ತದೆ. ನಾನು ಮೊಣಕೈಯಿಂದ ಗುದ್ದಿದೆ.

ಮೊಬೈಲಿನಲ್ಲಿ ಒಂದು ವಿಡಿಯೊ ಊರೆಲ್ಲ ಓಡಾಡಿತ್ತು. ಸೀಟಿನ ತಲೆದಿಂಬು ಕಿತ್ತು ಅದರ ಸರಳಿನಿಂದ ಗಾಜು ಒಡೆಯಬಹುದು, ಅದಕ್ಕೆಂದೇ ಅದನ್ನು ಹಾಗೆ ಮಾಡಿರುತ್ತಾರೆ ಎಂದು. ನಾನೂ ನಾಲ್ಕು ಜನಕ್ಕೆ ಕಳಿಸಿದ್ದೆ. ಆ ರಾತ್ರಿ ಕೈ ಹಾಕಿ ನೋಡಿದೆ. ನನ್ನ ಕಾರಿನ ಮುಂದಿನ ಸೀಟಿಗೆ ತಲೆದಿಂಬು ಬೇರೆ ಇರಲೇ ಇಲ್ಲ. ಸೀಟಿನ ಜೊತೆಗೇ ಸೇರಿಸಿ ಹೊಲಿದಿದ್ದರು. ಒಂಬತ್ತು ವರ್ಷ ಓಡಿಸಿದ ಕಾರು. ನೋಡಿರಲಿಲ್ಲ. ಇದ್ದವರಿಗೂ ಹೇಳುತ್ತೇನೆ, ಅದನ್ನು ಗಾಜು ಒಡೆಯಲೆಂದು ಮಾಡಿದ್ದಲ್ಲ. ಗಾಡಿ ಬಡಿದಾಗ ಕುತ್ತಿಗೆ ಹಿಂದಕ್ಕೆ ಮುರಿಯದಿರಲೆಂದು ಮಾಡಿದ್ದು.

ನೀರು ಅಣ್ಣನ ಹುಬ್ಬಿಗೆ ಬಂತು. ಅವನು ಗದ್ದವನ್ನು ಎದೆಗೆ ಒತ್ತಿ ತಲೆ ಎತ್ತಿಕೊಂಡ. ಅಷ್ಟು ಹೊತ್ತು ಹಾಗೆ ಹಿಡಿಯಲು ಯಾರಿಗೂ ಆಗದು. ನಾನು ಅವನ ತಲೆಯ ಕೆಳಗೆ ನನ್ನ ತೊಡೆ ಕೊಟ್ಟೆ. ನಾನು ಮಂಡಿಯೂರಿ ಕೂತಿದ್ದೆ, ಅವನ ತಲೆ ನನ್ನ ತೊಡೆಯ ಮೇಲೆ. ಮೂಗು ನೀರಿನಿಂದ ಮೂರು ಬೆರಳು ಮೇಲೆ. "ಕಾಗದಪತ್ರ ಕಪಾಟಿನ ಮ್ಯಾಲಿನ ಖಾನಿಯಾಗ ಅವ" ಎಂದ. ಹೊಲದ ಕಾಗದ. "ಸುಮ್ಮನಿರು" ಅಂದೆ. ಸುಮ್ಮನಾದ. ಬೇರೆ ಮಾತು ಆಡಲಿಲ್ಲ ನಾವು. ದೇವರ ಹೆಸರನ್ನೂ ನಾನು ಹೇಳಿದ ನೆನಪಿಲ್ಲ. ಹಾರ್ನ್ ಒತ್ತುತ್ತಿದ್ದೆ. ಅದು ನೀರಿನಲ್ಲಿ ಬುಳುಬುಳು ಎಂದು ಆಮೇಲೆ ನಿಂತಿತು.

ಎಷ್ಟು ಹೊತ್ತು ಎಂದು ಆಮೇಲೆ ಲೆಕ್ಕ ಹಾಕಿದೆವು. ಏಳು ನಿಮಿಷ, ಹೆಚ್ಚೆಂದರೆ ಎಂಟು.

ಹತ್ತಿರದ ಹೊಲದಲ್ಲಿ ಕಬ್ಬು ಕಡಿಯುವವರು ಗುಡಿಸಲು ಹಾಕಿದ್ದರು. ಬೀಡ್ ಜಿಲ್ಲೆಯವರು. ಕಬ್ಬಿನ ಹಂಗಾಮಿಗೆ ನಮ್ಮ ಕಡೆ ಬರುತ್ತಾರೆ, ಮಕ್ಕಳು ಮರಿ ಕಟ್ಟಿಕೊಂಡು. ಕೋಯ್ತಾ ಅಂದರೆ ಕಬ್ಬು ಕಡಿಯುವ ಕತ್ತಿ. ಗಂಡ ಹೆಂಡತಿಯ ಜೋಡಿಗೆ ಒಂದು ಕೋಯ್ತಾ ಎಂದು ಲೆಕ್ಕ. ಮುಂಗಡ ಕೊಡುವುದೂ ಕೋಯ್ತಾದ ಲೆಕ್ಕದಲ್ಲೇ. ಅವರಿಗೆ ಹಬ್ಬದ ದಿನವೂ ಕೆಲಸವಿತ್ತು. ಬಿದ್ದ ಸದ್ದು ಕೇಳಿ ಮೊಬೈಲಿನ ಬೆಳಕು ಹಿಡಿದು ಬಂದರು. ಮೊದಲು ಕಂಡದ್ದು ನೀರಿನ ಆಚೆ ಕಾಲುಗಳು. ನಾಲ್ಕೈದು ಜೋಡಿ ಬರಿಗಾಲು.

ಒಬ್ಬ ಬಾಗಿ ಗಾಜಿಗೆ ಮುಖ ತಂದ. ಇಪ್ಪತ್ತೈದು ವಯಸ್ಸಿರಬಹುದು. ಹಿಂದಿನ ಎಡ ಕಿಟಕಿಯ ಹತ್ತಿರ ಹೋಗಿ "ತೋಂಡ್ ಝಾಕಾ" ಎಂದ. ಮುಖ ಮುಚ್ಚಿಕೊಳ್ಳಿ ಎಂದು. ಮಗಳಿಗೆ ಮರಾಠಿ ತಿಳಿಯುತ್ತದೆ. ಆಯಿಯ ಮುಖವನ್ನು ಎದೆಗೆ ಒತ್ತಿಕೊಂಡಳು. ಅವನು ಕೋಯ್ತಾದ ಬೆನ್ನಿನಿಂದ ಗಾಜಿನ ನಡುವಿಗೆ ಹೊಡೆದ. ಕೋಯ್ತಾ ಪುಟಿಯಿತು. ಎರಡನೆಯದನ್ನು ತುದಿಯಿಂದ, ಮೂಲೆಗೆ ಹೊಡೆದ. ಗಾಜು ಒಮ್ಮೆಲೇ ಉದುರಿತು. ಜೋಳದ ಕಾಳಿನಷ್ಟು ಸಣ್ಣ ಚೂರು.

ಮಗಳನ್ನು ಎಳೆದರು. ಅವ್ವನನ್ನು ಇಬ್ಬರು ಸೇರಿ ತೆಗೆದರು. ಅಷ್ಟರಲ್ಲಿ ನೀರು ಒಡೆದ ಕಿಟಕಿಯಿಂದ ಪೂರ್ತಿ ನುಗ್ಗಿತು. ಅಣ್ಣನ ಮೂಗು ಮುಳುಗಿತು. ನಾನು ಅವನ ತಲೆಯನ್ನು ಎಷ್ಟು ಎತ್ತಲಾಗುವುದೋ ಅಷ್ಟು ಎತ್ತಿದೆ. ಒಮ್ಮೆ ಮೇಲೆ ಬಂದು ಉಸಿರು ತೆಗೆದುಕೊಂಡ, ಮತ್ತೆ ಮುಳುಗಿದ. ಆ ಹುಡುಗ ಕೋಯ್ತಾ ಹಿಡಿದೇ ಒಳಗೆ ನುಸುಳಿದ. "ಪಟ್ಟಾ ಕುಠೇ?" ಎಂದ. ಬೆಲ್ಟ್ ಎಲ್ಲಿ ಎಂದು. ಅವನ ಕೈ ಹಿಡಿದು ಅಣ್ಣನ ಭುಜದ ಮೇಲೆ ಇಟ್ಟೆ. ಕತ್ತಲಲ್ಲಿ, ನೀರಿನೊಳಗೆ, ಕುತ್ತಿಗೆಯ ಪಕ್ಕದಲ್ಲಿ ಕಬ್ಬು ಕಡಿಯುವ ಕೋಯ್ತಾ. ಬೀಳುವಾಗ ಆಗದಷ್ಟು ಹೆದರಿಕೆ ನನಗೆ ಆಗ ಆಯಿತು. ಅವನು ಹೊಡೆಯಲಿಲ್ಲ. ಬೆಲ್ಟನ್ನು ಹೊರಕ್ಕೆ ಎಳೆದು ಹಿಡಿದು ಗರಗಸದ ಹಾಗೆ ಎಳೆದ. ಭುಜದ ಹತ್ತಿರ ಒಂದು, ಸೊಂಟದ ಹತ್ತಿರ ಒಂದು. ಅಣ್ಣ ನನ್ನ ಮೇಲೆ ಬಿದ್ದ. ಅವನ ಭುಜದಲ್ಲಿ ಎರಡು ಇಂಚಿನ ಗಾಯದ ಗುರುತು ಇದೆ. ಅದನ್ನು ಯಾರಿಗಾದರೂ ತೋರಿಸುವಾಗ ಅಣ್ಣ ನಗುತ್ತಾನೆ.

108ಕ್ಕೆ ಫೋನ್ ಮಾಡಿದ್ದು ಅವರಲ್ಲೇ ಯಾರೋ. ಬರುವತನಕ ಒಬ್ಬ ಹೆಂಗಸು ತನ್ನ ಕೌದಿಯಲ್ಲಿ ಮಗಳನ್ನು ಸುತ್ತಿ ತೊಡೆಯ ಮೇಲೆ ಹಾಕಿಕೊಂಡು ಒಲೆಯ ಮುಂದೆ ಕೂತಳು. ಅವ್ವನನ್ನು ಗುಡಿಸಲಿನ ಹೊರಸಿನ ಮೇಲೆ ಮಲಗಿಸಿದ್ದರು. ಒಬ್ಬ ಮುದುಕ ಅವಳ ತಲೆಯ ಎರಡೂ ಕಡೆ ಮಡಚಿದ ಗೋಣಿಚೀಲ ಇಟ್ಟು ಅಲುಗದಂತೆ ಹಿಡಿದಿದ್ದ. ಅವನಿಗೆ ಯಾರು ಹೇಳಿಕೊಟ್ಟಿದ್ದರೋ. ಡಾಕ್ಟರು ಅದು ಸರಿಯಾಗಿತ್ತು ಅಂದರು.

ಅವ್ವನಿಗೆ ಕುತ್ತಿಗೆಯ ಎಲುಬು ಮುರಿದಿತ್ತು. ತಲೆಗೂ ಪೆಟ್ಟಾಗಿತ್ತು. ಭಾಲ್ಕಿಯಿಂದ ಬೀದರಿಗೆ, ಬೀದರಿನಿಂದ ಹೈದರಾಬಾದಿಗೆ ಒಯ್ದೆವು. ಎರಡು ಸಲ ಕಣ್ಣು ತೆರೆದಳು. ಒಮ್ಮೆ ನನ್ನನ್ನು ಗುರುತಿಸಿ "ಪೋರಿ ಉಣ್ತೇನು?" ಎಂದು ಕೇಳಿದಳು. ಉಂಡಳು ಎಂದೆ. ಜನವರಿ 8ರಂದು ಬೆಳಿಗ್ಗೆ ತೀರಿಕೊಂಡಳು. 71 ವರ್ಷ.

ಮಾತಾಡಿಸಲು ಬಂದವರು ಒಂದು ಮಾತು ಹೇಳತೊಡಗಿದರು. "ಬೆಲ್ಟ್ ಹಾಕಿದ್ದಕ್ಕೇ ನಿಮ್ಮ ಅಣ್ಣ ಸಿಕ್ಕೊಂಡ. ಇಲ್ದಿದ್ರ ಹೊರಗ ಬರ್ತಿದ್ದ." ಹಿರಿಯರೂ ಹೇಳಿದರು, ಓದಿದವರೂ ಹೇಳಿದರು. ಮೊದಮೊದಲು ನಾನು ಉತ್ತರ ಕೊಡುತ್ತಿರಲಿಲ್ಲ. ಆಮೇಲೆ ಕೊಡತೊಡಗಿದೆ. ಕಾರಿನಲ್ಲಿ ನಾಲ್ಕು ಜನ ಇದ್ದೆವು. ಬೆಲ್ಟ್ ಹಾಕಿದ ಇಬ್ಬರೂ ಬದುಕಿದೆವು. ಅಣ್ಣನನ್ನು ಬೆಲ್ಟ್ ಹಿಡಿದುಕೊಂಡಿತು, ನಿಜ. ಹಿಡಿದದ್ದರಿಂದಲೇ ಅವನ ಕುತ್ತಿಗೆ ಉಳಿಯಿತು. ಅವ್ವನನ್ನು ಯಾವುದೂ ಹಿಡಿಯಲಿಲ್ಲ. ಮಗಳು ಉಳಿದದ್ದು ಅವ್ವನ ಮೈ ಅವಳಿಗೆ ಅಡ್ಡ ಬಂದದ್ದರಿಂದ ಇರಬೇಕು.

2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಹತ್ತಿರ ಕಾರು ಅಪಘಾತದಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಸತ್ತಾಗ ಹಿಂದಿನ ಸೀಟಿನ ಬೆಲ್ಟಿನ ಮಾತು ಒಂದು ತಿಂಗಳು ನಡೆಯಿತು. ನಮ್ಮ ಅಂಗಡಿಯಲ್ಲೂ ನಡೆಯಿತು. ಹಿಂದೆ ಕೂತವರೂ ಹಾಕಬೇಕೆಂದು ಕಾನೂನು ಅದಕ್ಕೂ ಮೊದಲಿನಿಂದಲೇ ಇತ್ತು. ಹಾಕದಿದ್ದರೆ 1000 ರೂಪಾಯಿ ದಂಡ. 14 ವರ್ಷದ ಕೆಳಗಿನ ಮಕ್ಕಳನ್ನು ಬೆಲ್ಟ್ ಇಲ್ಲದೆ ಕರೆದೊಯ್ದರೆ ಓಡಿಸುವವನಿಗೂ ಅಷ್ಟೇ. ಅಷ್ಟು ದೊಡ್ಡ ಗಾಡಿಯಲ್ಲೂ ಹೀಗಾಯಿತಲ್ಲ ಎಂದು ಮಾತಾಡಿಕೊಂಡೆವು. ಗಾಡಿಯದೇ ಮಾತು.

ಅಕ್ಕನ ಮಗ ದಿವಸಕ್ಕೆ ಬಂದಾಗ ಸುತ್ತಿಗೆಯ ವಿಷಯ ತೆಗೆಯಲಿಲ್ಲ. ನಾನೇ ತೆಗೆದೆ. ನೀರಿನಲ್ಲಿ ಪೂರ್ತಿ ಮುಳುಗಿದ ಮೇಲೆ ಸುತ್ತಿಗೆ ಬೀಸಲು ಆಗುವುದಿಲ್ಲ, ನೀರು ತಡೆಯುತ್ತದೆ, ಒತ್ತಿದರೆ ಒಳಗಿನ ಸ್ಪ್ರಿಂಗು ಬಿಟ್ಟುಕೊಂಡು ಮೊನೆ ಹೊಡೆಯುವಂಥದ್ದು ಸಿಗುತ್ತದೆ, ಅದು ವಾಸಿ ಎಂದ. ಈಗಿನ ಕೆಲವು ಹೊಸ ಕಾರುಗಳಲ್ಲಿ ಪಕ್ಕದ ಕಿಟಕಿಗೂ ಮುಂದಿನ ಗಾಜಿನಂಥದೇ ಅಂಟಿಸಿದ ಗಾಜು ಹಾಕುತ್ತಾರಂತೆ. ಅದಕ್ಕೆ ಈ ಯಾವುದೂ ನಡೆಯದು. ಅಮೆರಿಕದಲ್ಲಿ ಎಎಎ ಎಂಬ ವಾಹನ ಸವಾರರ ಸಂಸ್ಥೆ 2019ರಲ್ಲಿ ಇಂಥ ಆರು ಸಾಮಾನು ಪರೀಕ್ಷೆ ಮಾಡಿತ್ತು. ಅವುಗಳಲ್ಲಿ ನಾಲ್ಕು, ಸಾದಾ ಕಿಟಕಿ ಗಾಜನ್ನು ಒಡೆದವು. ಅಂಟಿಸಿದ ಗಾಜನ್ನು ಒಂದೂ ಒಡೆಯಲಿಲ್ಲ. ಗಾಜಿನ ಮೂಲೆಯಲ್ಲಿರುವ ಸಣ್ಣ ಅಕ್ಷರ ಓದಿದರೆ ಯಾವ ಗಾಜು ಎಂದು ತಿಳಿಯುತ್ತದೆ. ಕಾರು ನೆಟ್ಟಗೆ ನೀರಿಗೆ ಬಿದ್ದರೆ ಮೊದಲ ಒಂದು ನಿಮಿಷದೊಳಗೆ ಬೆಲ್ಟ್ ಬಿಚ್ಚಿ ಕಿಟಕಿ ಇಳಿಸಿ ಹೊರಗೆ ಬಂದುಬಿಡಬೇಕು, ಫೋನ್ ಮಾಡುತ್ತ ಕೂರಬಾರದು, ಬಾಗಿಲು ತೆಗೆಯಲು ಹೋಗಬಾರದು ಎಂದೂ ಹೇಳಿದ. ಎಲ್ಲ ಗೊತ್ತಿತ್ತು ಅವನಿಗೆ. ಹೋದ ಸಲ ಬಂದಾಗಲೂ ಹೇಳಿದ್ದನಂತೆ. ನನಗೆ ನೆನಪಿಲ್ಲ. ಅಂಗಡಿಯಲ್ಲಿ ಗಿರಾಕಿ ಇದ್ದರು.

ಫೆಬ್ರವರಿಯಲ್ಲಿ ಆ ಹುಡುಗನನ್ನು ಹುಡುಕಿಕೊಂಡು ಹೋದೆ. ಗುಡಿಸಲು ಬೇರೆ ಹೊಲಕ್ಕೆ ಹೋಗಿದ್ದವು. ಅವರನ್ನು ಕೆಲಸಕ್ಕೆ ಕರೆತರುವ ಮುಕಾದಮ ಮೊದಲು ಯಾರೆಂದು ಹೇಳಲಿಲ್ಲ. ಪೊಲೀಸರು ಬಂದು ಸಾಕ್ಷಿ ಎಂದು ಎಳೆದಾಡಿದರೆ ಕೆಲಸ ಕೆಡುತ್ತದೆ ಎಂದು ಆ ರಾತ್ರಿಯೇ ಎಲ್ಲರಿಗೂ ಬಾಯಿ ಬಿಡಬೇಡಿ ಎಂದಿದ್ದನಂತೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂದು ಒಂದು ಕಲಮು ಸೇರಿಸಿದ್ದಾರೆ. ಅಪಘಾತದಲ್ಲಿ ಸಹಾಯಕ್ಕೆ ಬಂದವನ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳೆಂದು ಒತ್ತಾಯ ಮಾಡುವಂತಿಲ್ಲ. ಅದನ್ನು ಹೇಳಿದೆ. "ಕಾಗದದಾಗ ಇರ್ತದ ಸಾಹೇಬ್ರ" ಎಂದ ಅವನು, ಕನ್ನಡದಲ್ಲೇ. ಕಡೆಗೆ ಕರೆದ.

ಹುಡುಗ ಕಬ್ಬಿನ ನಡುವಿನಿಂದ ಬಂದ. ಮೈಯೆಲ್ಲ ರವದಿಯ ಧೂಳು. "ಪೋರಗೀ ಕಶೀ ಆಹೇ?" ಎಂದು ಕೇಳಿದ. ಚೆನ್ನಾಗಿದ್ದಾಳೆ ಅಂದೆ. ಅವನಿಗೂ ಹೆಂಡತಿಗೂ ಬಟ್ಟೆ ಒಯ್ದಿದ್ದೆ. ಒಂದು ಕೌದಿ ಒಯ್ದಿದ್ದೆ. ಅವರದು ನಮ್ಮ ಮನೆಯಲ್ಲೇ ಉಳಿದಿತ್ತು, ಅದನ್ನೂ ಒಗೆದು ತಂದಿದ್ದೆ. ಕೋಯ್ತಾ ತೋರಿಸು ಎಂದೆ. ತುದಿಯಲ್ಲಿ ಒಂದು ಹಲ್ಲು ಹೋಗಿತ್ತು. ಆ ರಾತ್ರಿಯದೇ ಎಂದ. ಮಸೆದುಕೊಂಡಿದ್ದ, ಆದರೂ ಕಾಣುತ್ತಿತ್ತು. ಹೊಸದು ಕೊಡಿಸುತ್ತೇನೆ ಅಂದೆ. ಬೇಡ, ಇದು ಕೈಗೆ ಕೂತಿದೆ ಎಂದ. ಹೆಚ್ಚು ಹೊತ್ತು ನಿಲ್ಲಲಿಲ್ಲ. ಟ್ರಾಲಿ ತುಂಬಬೇಕಿತ್ತು. ನಾನು ಬರುವಾಗ ಆ ಟ್ರಾಲಿಯ ಹಿಂಬದಿ ನೋಡಿದೆ. ಹೊಳೆಯುವ ಪಟ್ಟಿ ಇರಲಿಲ್ಲ. ನಮ್ಮ ಅಂಗಡಿಯಲ್ಲಿ ಈಗ ಆ ಪಟ್ಟಿಯ ಸುರುಳಿ ಇಟ್ಟಿದ್ದೇನೆ. ಗೊಬ್ಬರ ಒಯ್ಯುವ ಟ್ರಾಲಿಗೆ ಎರಡು ಮೊಳ ಕತ್ತರಿಸಿ ನಾನೇ ಅಂಟಿಸಿಬಿಡುತ್ತೇನೆ. ಕೆಲವರು ದುಡ್ಡು ಕೊಡಲು ಬರುತ್ತಾರೆ, ಕೆಲವರು ಹೊಲಸು ಕಾಣುತ್ತದೆ ಎಂದು ಕಿತ್ತು ಹಾಕುತ್ತಾರೆ.

ಕಾರನ್ನು ಪೊಲೀಸರು ಬಿಟ್ಟುಕೊಟ್ಟದ್ದು ಆಮೇಲೆ. ರಿಪೇರಿ ಆಗುವಂತಿರಲಿಲ್ಲ. ಬೀದರಿನ ಗುಜರಿ ಅಂಗಡಿಗೆ, ನಾವು ಭಂಗಾರ ಎನ್ನುತ್ತೇವೆ, ಕೊಟ್ಟೆ. ಒಳಗಿನ ಸಾಮಾನು ತೆಗೆದುಕೊಳ್ಳಲು ಮಾರ್ಚ್ ತಿಂಗಳಲ್ಲಿ ನಾನೊಬ್ಬನೇ ಹೋದೆ. ಹುಡುಗನೊಬ್ಬ ಸಬ್ಬಲು ಹಾಕಿ ಖಾನೆಯ ಬಾಗಿಲು ಎಬ್ಬಿಸಿದ. ಆರ್.ಸಿ. ಕಾಗದ ಮುದ್ದೆಯಾಗಿತ್ತು. ಮಾತ್ರೆಯ ಪಟ್ಟಿಯಲ್ಲಿ ನಾಲ್ಕು ಮಾತ್ರೆ ಉಳಿದಿದ್ದವು. ಸುತ್ತಿಗೆ ಪ್ಯಾಕಿನಲ್ಲಿ ಹಾಗೇ ಇತ್ತು. ಒಳಗೆ ಒಂದು ಹನಿ ನೀರೂ ಹೋಗಿರಲಿಲ್ಲ.

ಬಿಚ್ಚಲು ನೋಡಿದೆ. ಕೈಯಿಂದ ಹರಿಯಲಿಲ್ಲ. ಹಲ್ಲು ಹಾಕಿದೆ. ಆ ಹುಡುಗ ನೋಡುತ್ತ ನಿಂತಿದ್ದವನು ಒಳಗೆ ಹೋಗಿ ಕತ್ತರಿ ತಂದುಕೊಟ್ಟ.

ನನ್ನ ಕಡೆಯ ಕಿಟಕಿಯ ಗಾಜು ಇನ್ನೂ ಇಡಿಯಾಗಿತ್ತು. ಮೂಲೆಗೆ ಹೊಡೆದೆ. ಒಂದೇ ಏಟು. ಜೋರಾಗಿಯೂ ಹೊಡೆದಿರಲಿಲ್ಲ.

ಆಮೇಲೆ ಹಿಂದಿನ ಸೀಟಿಗೆ ಹೋದೆ. ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಕಾರು ಕೊಂಡ ವರ್ಷವೇ ದಪ್ಪ ರೆಕ್ಸಿನ್ ಕವರ್ ಹಾಕಿಸಿದ್ದೆ, ಸೀಟು ಹೊಲಸಾಗಬಾರದು ಎಂದು. ಹಾಕುವವನು ಬೆಲ್ಟಿನ ಬಕಲನ್ನು ಕೆಳಗೆ ತಳ್ಳಿ ಅದರ ಮೇಲೆ ಬಿಗಿದಿದ್ದ. ನಾನು ಪಕ್ಕದಲ್ಲೇ ನಿಂತಿದ್ದೆ. ಸುತ್ತಿಗೆಯ ಬುಡದ ಬ್ಲೇಡನ್ನು ಹೊಲಿಗೆಗೆ ಸಿಕ್ಕಿಸಿ ಎಳೆದೆ. ಕವರು ಬೆಣ್ಣೆಯ ಹಾಗೆ ಬಿಚ್ಚಿಕೊಂಡಿತು. ಅವ್ವ ಕೂರುತ್ತಿದ್ದ ಜಾಗದಲ್ಲಿ ಕೈ ಹಾಕಿದೆ. ಬಕಲು ಸಿಕ್ಕಿತು. ಕೆಂಪು ಗುಂಡಿಯ ಮೇಲೆ ಒಂದು ಗೀರೂ ಇರಲಿಲ್ಲ.